ಇಬ್ಬರ ಕಾಲಿಗೆ ಒಂದೇ ಬೂಟು

ನಮ್ಮ ದ್ವೀಪದ ವೈಸೇಲೆ ಊರಿನ ಮೀನಿನ ಕಾರ್ಖಾನೆಗೆ ನಾನು ಸೇರಿದ ದಿನ ನನಗೆ ಕೆಲಸ ಕಲಿಸಿದವಳು ತರಾಯ್ವಿನಿ. ಬೆಂದ ಟ್ಯೂನಾ ಮೀನಿನ ಚರ್ಮ ಕೆರೆದು, ಮುಳ್ಳು ಬಿಡಿಸಿ, ಕಪ್ಪು ಮಾಂಸ ಬೇರೆ, ಬಿಳಿ ಮಾಂಸ ಬೇರೆ ಮಾಡುವ ಕೆಲಸ ಅದು. ನಾನು ಒಂದು ಮೀನಿನ ಜೊತೆ ಒದ್ದಾಡುವಷ್ಟರಲ್ಲಿ ಅವಳು ಮೂರು ಮುಗಿಸಿ, ನನ್ನ ತಟ್ಟೆಯದನ್ನೂ ತನ್ನ ಕಡೆ ಎಳೆದುಕೊಂಡು, "ಸೆರೇಮಾ, ಆ ಮೀನು ಆಗಲೇ ಸತ್ತಿದೆ ಕಣೇ, ಇನ್ಯಾಕೆ ಅದನ್ನ ಕೊಲ್ತೀಯ?" ಎನ್ನುತ್ತಿದ್ದಳು. ಆಗ ಅವಳಿಗೆ ಮೂವತ್ತೆಂಟು. ಗಟ್ಟಿ ಆಳು, ಅಗಲ ಮುಖ. ಚರ್ಚಿನಲ್ಲಿ ಹಾಡುವಾಗ ಅರ್ಧ ಜನ ಅವಳ ದನಿಯನ್ನೇ ಹಿಡಿದುಕೊಂಡು ಹಾಡುತ್ತಿದ್ದರು. ಗಂಡ ಪೆನಿ ದೋಣಿ ರಿಪೇರಿ ಮಾಡುತ್ತಿದ್ದ. ಮಕ್ಕಳಿರಲಿಲ್ಲ.

ಮೀನಿನ ಕೆಲಸವೆಂದರೆ ನೀರಿನ ಕೆಲಸ. ನೆಲದ ಮೇಲೆ ಸದಾ ನೀರು ಹರಿಯುತ್ತಿತ್ತು. ಎಂಟು ಗಂಟೆ ನಿಂತೇ ಇರುವ ನಮಗೆ ಮೊಣಕಾಲುದ್ದದ ಬಿಳಿ ರಬ್ಬರ್ ಬೂಟು ಕೊಡುತ್ತಿದ್ದರು. ಬೂಟು ನಮ್ಮದಲ್ಲ, ಕಾರ್ಖಾನೆಯದು. ಬೆಳಗಿನ ಪಾಳಿಯವರು ಬಿಚ್ಚಿಟ್ಟದ್ದನ್ನು ಮಧ್ಯಾಹ್ನದ ಪಾಳಿಯವರು ಹಾಕಿಕೊಳ್ಳಬೇಕು. ಅಷ್ಟರಲ್ಲಿ ಒಳಗೆ ಇನ್ನೊಬ್ಬಳ ಕಾಲಿನ ಬಿಸಿ ಕೂಡ ಆರಿರುತ್ತಿರಲಿಲ್ಲ. ಕಾಲು ತೂರಿಸಿದರೆ ಪಿಚಕ್ ಎನ್ನುತ್ತಿತ್ತು.

ಆ ಬೂಟು ಹಾಕಿದ ಆರು ತಿಂಗಳಿಗೆಲ್ಲ ಅದು ಬರುತ್ತಿತ್ತು. ಮೊದಲು ಕಿರುಬೆರಳಿನ ಸಂದಿಯಲ್ಲಿ ನವೆ. ಆಮೇಲೆ ಅಲ್ಲಿಯ ಚರ್ಮ ನೀರಲ್ಲಿ ನೆನೆದ ಕಾಗದದ ಹಾಗೆ ಬೆಳ್ಳಗಾಗಿ ಸುಲಿಯುತ್ತದೆ, ಸೀಳುತ್ತದೆ, ನಾರುತ್ತದೆ. ಯಾರ ಮನೆಗೆ ಹೋದರೂ ಚಪ್ಪಲಿ ಹೊರಗೆ ಬಿಟ್ಟು ಚಾಪೆಯ ಮೇಲೆ ಕೂರುವವರು ನಾವು. ಕಾರ್ಖಾನೆಯ ಹೆಂಗಸರನ್ನು ಗುರುತು ಹಿಡಿಯುವುದು ಸುಲಭವಾಗಿತ್ತು: ಪಾದವನ್ನು ಬಟ್ಟೆಯೊಳಗೆ ಅಡಗಿಸಿಕೊಂಡು ಕೂತವಳು ನಮ್ಮವಳು. ಕೆಸರುಹುಣ್ಣು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದು ಕೊಳಕು ಹೆಂಗಸರಿಗೆ ಬರುವ ಕಾಯಿಲೆ ಎಂದು ನಾವೇ ನಂಬಿದ್ದೆವು.

ತರಾಯ್ವಿನಿ ಎರಡು ವರ್ಷ ಸಹಿಸಿದಳು. ಸಮುದ್ರದ ನೀರಲ್ಲಿ ಕಾಲಿಟ್ಟುಕೊಂಡು ಕೂತಳು. ಅರಿಸಿನ ಕಲಸಿದ ಕೊಬ್ಬರಿ ಎಣ್ಣೆ ಹಚ್ಚಿದಳು, ಸೀಮೆಎಣ್ಣೆ ಹಚ್ಚಿದಳು. ಕೊನೆಗೆ ಕಾರ್ಖಾನೆಯ ನೆಲ ತೊಳೆಯುವ ಬ್ಲೀಚನ್ನೇ ಸುರಿದುಕೊಂಡು ಪಾದವೆಲ್ಲ ಸುಟ್ಟುಕೊಂಡಳು. ಕುಂಟುತ್ತಾ ಆರೋಗ್ಯ ಕೇಂದ್ರಕ್ಕೆ ಹೋದಳು. ನಾನು ಜೊತೆಗಿದ್ದೆ. ಅಲ್ಲಿದ್ದ ನರ್ಸು ಸುರುಜ್ಮತಿ ಸಿಸ್ಟರ್. ಕಬ್ಬಿನ ಗದ್ದೆಯ ಕಡೆಯ ಹಿಂದೂಸ್ತಾನಿ ಮೂಲದ ಹೆಂಗಸು. ಕನ್ನಡಕದ ಮೇಲಿಂದ ನೋಡುತ್ತಾ ಮಾತಾಡುತ್ತಿದ್ದರು.

"ಏನೇನು ಹಾಕಿದ್ದೀರಮ್ಮಾ ಇದಕ್ಕೆ?"

"ಏನು ಹಾಕಿಲ್ಲ ಅಂತ ಕೇಳಿ ಸಿಸ್ಟರ್, ಬೇಗ ಹೇಳಿ ಮುಗಿಸ್ತೀನಿ."

ಸಿಸ್ಟರ್ ನಗಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. "ಇದು ಕೊಳಕಿಂದ ಬರೋದಲ್ಲ. ಬೂಷ್ಟು. ಬ್ರೆಡ್ಡಿನ ಮೇಲೆ ಬರುತ್ತಲ್ಲ, ಅದರ ದಾಯಾದಿ. ಬೆಚ್ಚಗಿರಬೇಕು, ಒದ್ದೆ ಇರಬೇಕು, ಕತ್ತಲೆ ಇರಬೇಕು. ಮೂರೂ ಸಿಕ್ಕಿದ್ರೆ ಸಂಸಾರ ಹೂಡಿಬಿಡುತ್ತೆ. ನಿಮ್ಮ ಬೂಟು ಅದಕ್ಕೆ ಅರಮನೆ."

ಮುಲಾಮಿನ ಡಬ್ಬಿ ಕೊಟ್ಟು ಹೇಳಿದರು: "ಮೊದಲು ಈ ಸುಟ್ಟಿದ್ದು ಮಾಯಲಿ, ಒಂದು ವಾರ ಬರೀ ತೊಳೆದು ಒಣಗಿಸಿ. ಆಮೇಲೆ ಇದು. ಬೆಳಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ. ಸೋಪಲ್ಲಿ ತೊಳೀಬೇಕು, ಪ್ರತಿ ಸಂದಿನೂ ಒಣ ಬಟ್ಟೇಲಿ ಒರೆಸಬೇಕು, ಆಮೇಲೇ ಮುಲಾಮು. ಒಂದು ವಾರಕ್ಕೆ ನವೆ ನಿಲ್ಲುತ್ತೆ. ವಾಸಿಯಾಯ್ತು ಅಂತ ನೀವು ಬಿಟ್ಟುಬಿಡ್ತೀರಿ. ಎಲ್ಲರೂ ಬಿಡೋದೇ ಅಲ್ಲಿ. ಬಿಡಬಾರದು, ನಾಲ್ಕು ವಾರ ಪೂರ್ತಿ ಹಚ್ಚಬೇಕು. ಹತ್ತಿಯ ಕಾಲುಚೀಲ, ದಿನಾ ಬೇರೆ. ಒಗೆದಿದ್ದನ್ನ ಬಿಸಿಲಿಗೆ ಹಾಕಿ. ಕಾಲೊರೆಸೋ ಬಟ್ಟೆ ನಿಮ್ಮದು ನಿಮಗೆ ಮಾತ್ರ, ಗಂಡನಿಗೂ ಕೊಡಬೇಡಿ."

"ಬೂಟು?"

ಸಿಸ್ಟರ್ ಕನ್ನಡಕ ತೆಗೆದರು. "ಅದಕ್ಕೆ ನನ್ನ ಹತ್ತಿರ ಮುಲಾಮಿಲ್ಲ."

ತರಾಯ್ವಿನಿ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದಳು. ನಾಲ್ಕು ವಾರಕ್ಕೆ ಪಾದ ಹೊಸದಾಯಿತು. ಇನ್ನು ಮೂರು ವಾರಕ್ಕೆ ಕಿರುಬೆರಳಿನ ಸಂದಿಯಲ್ಲಿ ಮತ್ತೆ ನವೆ ಶುರುವಾಯಿತು. ಅಂದು ಅವಳು ಬೂಟಿನೊಳಗೆ ಕೈ ಹಾಕಿ, ಮೂಸಿ ನೋಡಿ, "ಹುಣ್ಣು ನಮ್ಮ ಕಾಲಲ್ಲಿಲ್ಲ ಕಣ್ರೇ, ಇದರೊಳಗಿದೆ," ಎಂದಳು.

ಅಲ್ಲಿಂದ ಅವಳು ಒಂದು ಜೊತೆ ಬೂಟಿಗೆ ಒಳಗಡೆ ಕೆಂಪು ದಾರ ಹೊಲಿದು ಗುರುತು ಮಾಡಿ, ಪಾಳಿ ಮುಗಿದ ಮೇಲೆ ಬ್ಲೀಚು ನೀರಲ್ಲಿ ಜಾಲಾಡಿ, ಹಳೆಯ ಪತ್ರಿಕೆ ತುರುಕಿ, ಬಾಯ್ಲರ್ ಹಿಂದಿನ ಬಿಸಿ ಗೋಡೆಗೆ ಯಾರಿಗೂ ಕಾಣದಂತೆ ಒರಗಿಸಿಡತೊಡಗಿದಳು. ಅವಳ ಕಾಲು ಮತ್ತೆ ವಾಸಿಯಾಯಿತು. ಊಟದ ಬಿಡುವಿನಲ್ಲಿ ನಮ್ಮನ್ನೆಲ್ಲ ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂರಿಸಿ ಬೆರಳು ಬಿಡಿಸಿ ನೋಡುವಳು. ಹಿಟ್ಟಿನ ಚೀಲದ ಬಟ್ಟೆ ಕತ್ತರಿಸಿ ಒಬ್ಬೊಬ್ಬಳಿಗೆ ಒಂದೊಂದು ಕಾಲೊರೆಸುವ ಒರಸು ಹೊಲಿದು ಹೆಸರು ಹಾಕಿ ಕೊಟ್ಟಳು. "ಬಂದ್ಲಪ್ಪ ಕಾಲು ಡಾಕ್ಟರು, ಮೂಗು ಮುಚ್ಕೊಳ್ಳಿ!" ಎಂದು ನಾವು ಗೇಲಿ ಮಾಡುತ್ತಲೇ ಕಾಲು ಚಾಚುತ್ತಿದ್ದೆವು.

ನಮ್ಮೆಲ್ಲರಿಗಿಂತ ಅವಳು ಹೆಚ್ಚು ನೋಡಿಕೊಂಡದ್ದು ಅಕೋಸಿತಳನ್ನು. ಅಕೋಸಿತ ಅವಳ ಸೋದರಮಾವನ ಮಗಳು. ಗಂಡ ಬಿಟ್ಟುಹೋದ ಮೇಲೆ ಒಬ್ಬ ಮಗಳನ್ನು ಕಟ್ಟಿಕೊಂಡು ಹಳ್ಳಿಯಿಂದ ಬಂದವಳು. ತರಾಯ್ವಿನಿ ಮನೆಯಲ್ಲಿ ಇಟ್ಟುಕೊಂಡಳು, ಕಾರ್ಖಾನೆಗೆ ಸೇರಿಸಿದಳು. ಮಾವನ ಮಗಳು, ಅತ್ತೆಯ ಮಗಳು ನಮ್ಮಲ್ಲಿ ಒಬ್ಬರಿಗೊಬ್ಬರು ಅತ್ತಿಗೆ; ಅವರ ನಡುವೆ ಮಾತಿಗೆ ಲಂಗುಲಗಾಮಿಲ್ಲ, ಬೈದಷ್ಟೂ ಪ್ರೀತಿ.

"ಅತ್ತಿಗೆ, ನಿನ್ನ ಕಾಲು ನೋಡಿ ಕಾರ್ಖಾನೆ ಬೆಕ್ಕು ಓಡಿಹೋಯ್ತಂತೆ, ಟ್ಯೂನಾ ಅಂದ್ಕೊಂಡು ಬಂದಿತ್ತು ಪಾಪ," ಎನ್ನುವಳು ತರಾಯ್ವಿನಿ.

"ನಿನ್ನ ಮೂಗು ನೋಡಿ ಓಡಿಹೋಗಿರಬೇಕು ಅತ್ತಿಗೆ, ದೀವಿಹಲಸು ಮೈಮೇಲೆ ಬೀಳುತ್ತೆ ಅಂತ," ಎನ್ನುವಳು ಅಕೋಸಿತ.

ಅಕೋಸಿತಳ ಪಾದ ನಮ್ಮೆಲ್ಲರದಕ್ಕಿಂತ ಕೆಟ್ಟಿತ್ತು. ಹಿಮ್ಮಡಿಯವರೆಗೂ ಚರ್ಮ ಒಡೆದಿತ್ತು. ಆರು ವಾರ ತರಾಯ್ವಿನಿ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಬೋಗುಣಿಯಲ್ಲಿ ಕಾಲಿಡಿಸಿ, ತನ್ನ ಕೈಯಾರೆ ತೊಳೆದು ಒರೆಸಿ ಮುಲಾಮು ಹಚ್ಚಿದಳು. ನಾನು ಕಣ್ಣಾರೆ ಕಂಡದ್ದು.

ಆದರೆ ಕದ್ದುಮುಚ್ಚಿ ಒಣಗಿಸಿದ ಒಂದು ಜೊತೆ ಬೂಟಿನಿಂದ ನೂರಾರು ಕಾಲು ಉಳಿಯುತ್ತವೆಯೇ? ಒಂದು ಭಾನುವಾರ, ಚರ್ಚು ಮುಗಿದ ಮೇಲೆ, ನಾವು ಇಪ್ಪತ್ತಮೂರು ಜನ ತರಾಯ್ವಿನಿಯ ಮನೆಯ ಚಾಪೆಯ ಮೇಲೆ ಸೇರಿದೆವು. ಮರಗೆಣಸು ಬೇಯಿಸಿದ್ದಳು, ತೆಂಗಿನ ಹಾಲು ಹಾಕಿ ಕೆಸುವಿನ ಸೊಪ್ಪು ಮಾಡಿದ್ದಳು. ಉಣ್ಣುತ್ತಲೇ ಮಾತಾಯಿತು. ಒಬ್ಬೊಬ್ಬಳಿಗೂ ಅವಳದೇ ಎರಡು ಜೊತೆ ಬೂಟು ಬೇಕು: ಒಂದು ಕಾಲಲ್ಲಿ, ಒಂದು ಬಿಸಿಲಲ್ಲಿ. ನಾಳೆಯಲ್ಲ, ಅದರ ಮುಂದಿನ ವಾರದ ಸೋಮವಾರ ಬೆಳಗ್ಗೆ ಯಾರೂ ಒದ್ದೆ ಬೂಟು ಮುಟ್ಟುವುದಿಲ್ಲ. ಕಾರ್ಖಾನೆಯ ಅಂಗಳದಲ್ಲಿ ಬರಿಗಾಲಲ್ಲಿ ಸಾಲಾಗಿ ನಿಂತು ಮ್ಯಾನೇಜರಿಗೆ ಕಾಲು ತೋರಿಸುವುದು.

"ಮಾತಾಡೋದ್ಯಾರು?" ಎಂದೆ ನಾನು. ಮ್ಯಾನೇಜರು ಹೊರದೇಶದವನು, ಇಂಗ್ಲಿಷ್ ಬಿಟ್ಟು ಬೇರೆ ಬಾರದು.

"ನಮ್ಮ ಅತ್ತಿಗೆ ಸುವಾ ಪಟ್ಟಣದಲ್ಲಿ ಇಂಗ್ಲಿಷ್ ಓದಿದೋಳು. ಅವಳೇ," ಎಂದಳು ತರಾಯ್ವಿನಿ ಹೆಮ್ಮೆಯಿಂದ.

ಅಕೋಸಿತ ತಲೆಯಾಡಿಸಿದಳು. "ನೀನು ಪಕ್ಕದಲ್ಲಿ ನಿಂತ್ಕೊ ಅತ್ತಿಗೆ, ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ." ನಾವೆಲ್ಲ ಪ್ರಾರ್ಥನೆ ಮಾಡಿ ಎದ್ದೆವು.

ಆ ಸೋಮವಾರ ಬೆಳಗ್ಗೆ ಅಂಗಳಕ್ಕೆ ಹೋದರೆ ಅಕೋಸಿತ ನಮ್ಮ ಸಾಲಿನಲ್ಲಿರಲಿಲ್ಲ. ಎರಡು ದಿನದಿಂದ ಮಗಳಿಗೆ ಹುಷಾರಿಲ್ಲವೆಂದು ಹೇಳಿ ಚಿಕ್ಕಮ್ಮನ ಮನೆಗೆ ಹೋಗಿದ್ದವಳು ಮ್ಯಾನೇಜರನ ಪಕ್ಕದಲ್ಲಿ ನಿಂತಿದ್ದಳು. ತಲೆಯ ಮೇಲೆ ಮೇಲ್ವಿಚಾರಕಿಯರ ನೀಲಿ ಟೋಪಿ. ಕಾಲಲ್ಲಿ ಮಣ್ಣು ಕಾಣದ ಹೊಸ ಬೂಟು.

ತರಾಯ್ವಿನಿ ಮೊದಲು ಅದನ್ನೂ ತಮಾಷೆ ಎಂದುಕೊಂಡಳು. "ಏನತ್ತಿಗೆ, ಟೋಪಿ ಕದ್ದೆಯಾ?" ಎಂದಳು ನಗುತ್ತಾ.

ಅಕೋಸಿತ ಅವಳ ಕಡೆ ನೋಡಲಿಲ್ಲ. ಮ್ಯಾನೇಜರು ಇಂಗ್ಲಿಷಿನಲ್ಲಿ ಏನೋ ಹೇಳಿದ. ಅಕೋಸಿತ ಅದನ್ನು ನಮ್ಮ ಭಾಷೆಗೆ ತಿರುಗಿಸಿ, ಎದುರಿನ ಗೋಡೆಯನ್ನು ನೋಡುತ್ತಾ ಒಪ್ಪಿಸಿದಳು: "ಇಲ್ಲಿ ತಯಾರಾಗೋದು ಜನ ತಿನ್ನೋ ಪದಾರ್ಥ. ಚರ್ಮದ ಕಾಯಿಲೆ ಇರೋರನ್ನ ಒಳಗೆ ಬಿಡೋ ಹಾಗಿಲ್ಲ. ಕಾಯಿಲೆ ಯಾರಿಂದ ಶುರುವಾಯ್ತು ಅಂತ ಕಾರ್ಖಾನೆಗೆ ಗೊತ್ತಾಗಿದೆ. ತರಾಯ್ವಿನಿಗೆ ಎರಡು ವರ್ಷದಿಂದ ಇದೆ, ಮನೇಲಿ ಮುಲಾಮು ಇಟ್ಕೊಂಡಿದ್ದಾಳೆ, ಊಟದ ಹೊತ್ತಲ್ಲಿ ಎಲ್ಲರ ಕಾಲೂ ಮುಟ್ಟಿ ಹರಡಿದ್ದಾಳೆ. ಇವತ್ತಿಂದ ಅವಳಿಗೆ ಕೆಲಸ ಇಲ್ಲ."

ತರಾಯ್ವಿನಿಯ ಬಾಯಿ ಸ್ವಲ್ಪ ತೆರೆದೇ ಇತ್ತು. ಮುಲಾಮಿನ ಡಬ್ಬಿ ಯಾವ ಹಲಗೆಯ ಮೇಲೆ ಇದೆ ಎಂಬುದು ಮನೆಯೊಳಗೆ ಇದ್ದವರಿಗಲ್ಲದೆ ಯಾರಿಗೆ ಗೊತ್ತು? ಅವಳು ಒಂದೇ ಮಾತು ಕೇಳಿದಳು: "ಅತ್ತಿಗೆ, ಆ ಡಬ್ಬೀಲಿ ಅರ್ಧ ನಿನ್ನ ಕಾಲಿಗೇ ಹೋಯ್ತಲ್ಲೇ?"

ಮ್ಯಾನೇಜರು ಮತ್ತೇನೋ ಹೇಳಿದ. ಅಕೋಸಿತ ನಮ್ಮತ್ತ ತಿರುಗಿದಳು. "ಬೇರೆ ಯಾರಿಗಾದ್ರೂ ಈ ಕಾಯಿಲೆ ಇದ್ರೆ ಕೈ ಎತ್ತಬೇಕಂತೆ. ಅವರೂ ಮನೆಗೆ ಹೋಗಬಹುದು."

ನಾವು ಇಪ್ಪತ್ತೊಂದು ಜನ. ಒಂದು ಕೈಯೂ ಮೇಲೇಳಲಿಲ್ಲ. ನನ್ನ ಬಲಗಾಲಿನ ಎರಡು ಸಂದಿಗಳು ಅವತ್ತು ಸೀಳಿ ರಕ್ತ ಬರುತ್ತಿದ್ದವು. ಬರಿಗಾಲಲ್ಲಿ ನಿಂತಿದ್ದೆ, ಒಂದು ಪಾದವನ್ನು ಇನ್ನೊಂದರ ಹಿಂದೆ ಅಡಗಿಸಿದೆ. ತರಾಯ್ವಿನಿ ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ನನ್ನ ಮುಖ ನೋಡಿ, ಆಮೇಲೆ ನನ್ನ ಕಾಲು ನೋಡಿದಳು. ಗೇಟಿನಿಂದಾಚೆ ಬರಿಗಾಲಲ್ಲೇ ಹೋದಳು. ನಾವು ಹೋಗಿ ಒದ್ದೆ ಬೂಟು ಹಾಕಿಕೊಂಡೆವು.

ಸುರುಜ್ಮತಿ ಸಿಸ್ಟರ್ ಒಂದು ಕಾಗದ ಬರೆದುಕೊಟ್ಟರು: ಇವಳ ಪಾದ ಪರೀಕ್ಷಿಸಿದ್ದೇನೆ, ಚರ್ಮ ಪೂರ್ತಿ ಗುಣವಾಗಿದೆ, ಸೋಂಕಿಲ್ಲ. ನಿಜ ಹೇಳಬೇಕೆಂದರೆ ಇಡೀ ಕಾರ್ಖಾನೆಯಲ್ಲಿ ಚೊಕ್ಕಟ ಕಾಲು ಇದ್ದದ್ದು ಅವಳೊಬ್ಬಳಿಗೇ. ಕಾಗದ ಹಿಡಿದು ಹೋದಾಗ ಅವಳ ಜಾಗಕ್ಕೆ ಬೇರೆಯವಳು ಬಂದಾಗಿದೆ ಎಂದು ಕಾವಲುಗಾರ ಗೇಟಿನಿಂದಲೇ ಕಳಿಸಿದ. ಊರಲ್ಲಿ ಮಾತು ಹಬ್ಬಿತು. ಮದುವೆಮನೆಯಲ್ಲಿ ಅವಳು ಕೂತ ಚಾಪೆಯ ತುದಿಯಿಂದ ಹೆಂಗಸರು ಮೆಲ್ಲಗೆ ಸರಿದು ಕೂತದ್ದನ್ನು ನಾನು ನೋಡಿದೆ. ಅವರಲ್ಲಿ ಮೂವರಿಗೆ ಅವಳು ಒರಸು ಹೊಲಿದುಕೊಟ್ಟಿದ್ದಳು.

ಅಕೋಸಿತ ತನ್ನ ಸಾಮಾನು ತೆಗೆದುಕೊಂಡು ಹೋಗಲು ಒಂದು ದಿನ ಬಂದಳಂತೆ. ಪೆನಿ ನನಗೆ ಹೇಳಿದ. ತರಾಯ್ವಿನಿ ಬಾಗಿಲಲ್ಲಿ ನಿಂತು, "ಯಾಕೆ?" ಎಂದಷ್ಟೇ ಕೇಳಿದಳು.

"ಹೇಗೋ ಸುದ್ದಿ ಸಿಕ್ಕಿ ಮ್ಯಾನೇಜರೇ ಕರೆದು ಕೇಳಿದ್ರು ಅತ್ತಿಗೆ. ಸಾಲು ನಿಂತ್ರೆ ಎಲ್ಲರನ್ನೂ ತೆಗೀತೀವಿ ಅಂದ್ರು. ಇಲ್ಲ ಅಂದ್ರೆ ಒಬ್ಬಳನ್ನ ತೋರಿಸು, ನಿನಗೆ ಟೋಪಿ ಅಂದ್ರು. ನಿನಗೆ ಗಂಡ ಇದ್ದಾನೆ, ಮನೆ ಇದೆ. ನಾನು ಮಗು ಕಟ್ಕೊಂಡು ಮತ್ತೆ ಹಳ್ಳಿಗೆ ಹೋಗ್ಲಾ?"

"ನನ್ನನ್ನ ಕೇಳಿದ್ರೆ ನಾನೇ ಬಿಟ್ಟುಬಿಡ್ತಿದ್ದೆ ಕೆಲಸಾನ," ಎಂದಳಂತೆ ತರಾಯ್ವಿನಿ. "ಕೇಳಬಹುದಿತ್ತು."

ಸೆಕೆಗಾಲ ಬಂತು. ಫೆಬ್ರವರಿಯಲ್ಲಿ ನನ್ನ ಬಲಗಾಲು ಊದಿತು. ಬೆರಳ ಸಂದಿಯ ಸೀಳಿನಿಂದ ಹೊರಟ ಕೆಂಪು ಗೆರೆಯೊಂದು ಎರಡು ದಿನಕ್ಕೆ ಮೊಣಕಾಲು ದಾಟಿತು. ಚಳಿಜ್ವರ. ನಮ್ಮಮ್ಮ ಎಲೆ ಅರೆದು ಕಟ್ಟುತ್ತಿದ್ದಳು. "ತರಾಯ್ವಿನೀನ ಕರೀತೀನಿ," ಎಂದಳು. "ಬೇಡಮ್ಮ, ಅವಳಿಗೆ ಮುಖ ತೋರಿಸಲಾರೆ," ಎಂದು ಅತ್ತುಬಿಟ್ಟೆ. ಅಮ್ಮ ಕೇಳಲಿಲ್ಲ.

ತರಾಯ್ವಿನಿ ಬಂದಳು. ನನ್ನ ಮುಖ ನೋಡಲಿಲ್ಲ. ಎಲೆ ಬಿಚ್ಚಿ, ಗೆರೆಯ ಮೇಲೆ ಬೆರಳಿಟ್ಟು, ಅಮ್ಮನಿಗೆ ಹೇಳಿದಳು: "ಇದು ಬೂಷ್ಟಲ್ಲ ಅಮ್ಮಾ. ಆ ಸೀಳು ಬಾಗಿಲಿದ್ದ ಹಾಗೆ, ತೆರೆದಿಟ್ರೆ ಬೇರೆ ಕಳ್ಳರು ನುಗ್ತಾರೆ. ಇದು ರಕ್ತಕ್ಕೆ ಇಳಿಯುತ್ತೆ. ನಾಳೆ ಅಂದ್ರೆ ಆಗಲ್ಲ." ಪೆನಿಯನ್ನು ಓಡಿಸಿ ಲಾರಿ ತರಿಸಿದಳು. ಲಂಬಾಸಾ ಪಟ್ಟಣದ ಆಸ್ಪತ್ರೆಯವರೆಗೆ ಲಾರಿಯ ಹಿಂದೆ ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಹನ್ನೆರಡು ದಿನ ಸೂಜಿ ಚುಚ್ಚಿದರು. ಕಾಲು ಉಳಿಯಿತು.

ಆಸ್ಪತ್ರೆಯ ಡಾಕ್ಟರು ಆರೋಗ್ಯ ಇಲಾಖೆಗೆ ಬರೆದರು. ಇನ್ಸ್‌ಪೆಕ್ಟರು ಬಂದು ಬೂಟಿನೊಳಗೆ ಕೈ ಹಾಕಿ ನೋಡಿದರು. ಎರಡು ತಿಂಗಳಿಗೆ ಹೆಸರು ಬರೆದ ಬೂಟು ಬಂದವು, ತಲೆಗೆ ಎರಡೆರಡು ಜೊತೆ. ಬಿಸಿಗಾಳಿ ಬಿಟ್ಟು ಬೂಟು ಒಣಗಿಸುವ ಕೋಣೆ ಕಟ್ಟಿದರು. ಅದನ್ನು ತೆರೆದ ದಿನ ಪಾದ್ರಿಗಳನ್ನು ಕರೆಸಿದ್ದರು, ಪತ್ರಿಕೆಯವರೂ ಬಂದಿದ್ದರು. ಅಕೋಸಿತ ನೀಲಿ ಟೋಪಿ ಹಾಕಿಕೊಂಡು ಮಾತಾಡಿದಳು. "ನನ್ನ ಕಾಲೇ ಕೆಟ್ಟಾಗ ನನಗೆ ಈ ಯೋಚನೆ ಬಂತು," ಎಂದಳು. "ಒಂದು ಜೊತೆ ಕಾಲಲ್ಲಿ, ಒಂದು ಜೊತೆ ಒಣಗಲಿ ಅಂತ." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಎದ್ದು ನಿಂತು ಸುಳ್ಳು ಎನ್ನಲೂ ಇಲ್ಲ. ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಸಂತೆಯಲ್ಲಿ ಯಾರೋ ಅದೇ ಹಾಳೆಯಲ್ಲಿ ತರಾಯ್ವಿನಿಗೆ ಮೆಣಸಿನಕಾಯಿ ಕಟ್ಟಿಕೊಟ್ಟರಂತೆ. ಅವಳು ಮೆಣಸಿನಕಾಯಿ ಬುಟ್ಟಿಗೆ ಸುರಿದುಕೊಂಡು ಹಾಳೆಯನ್ನು ಅಂಗಡಿಯವಳ ಕೈಗೇ ಮರಳಿಸಿದಳು.

ಫೋಟೋ ನೋಡಿ ನಾಚಿಕೊಂಡವನು ಅಕೋಸಿತಳ ಅಪ್ಪ, ತರಾಯ್ವಿನಿಯ ಸ್ವಂತ ಸೋದರಮಾವ. ಹಳ್ಳಿಯಿಂದ ತಪ್ಪುಕಾಣಿಕೆಯ ತಿಮಿಂಗಿಲದ ಹಲ್ಲು ಹಿಡಿದು, ಮಗಳನ್ನು ಹಿಂದಿಟ್ಟುಕೊಂಡು ತರಾಯ್ವಿನಿಯ ಮನೆಗೆ ತಪ್ಪೊಪ್ಪಿಗೆಗೆ ಬಂದ. ಹಲ್ಲು ಸ್ವೀಕರಿಸಿದರೆ ಮುಗಿಯಿತು, ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ಗಂಡಸರು ಮುಂದೆ ಕೂತರು. ತರಾಯ್ವಿನಿ ಹೆಂಗಸರ ಜೊತೆ ಹಿಂದೆ, ಬಾಗಿಲ ಹತ್ತಿರ. ಮಾವ ಬಾಗಿ ಬಹಳ ಹೊತ್ತು ಮಾತಾಡಿದ, ಅತ್ತ ಕೂಡ. ಪೆನಿಯ ದೊಡ್ಡಪ್ಪ ಕೈ ಚಾಚಿ ಹಲ್ಲು ತೆಗೆದುಕೊಂಡು, "ಭಾರ ಇಳಿಯಿತು," ಎಂದ. ಗಂಡಸರೆಲ್ಲ ಗಂಭೀರವಾಗಿ ಚಪ್ಪಾಳೆ ತಟ್ಟಿದರು. ಪೆನಿಯೂ ತಟ್ಟಿದ. ತರಾಯ್ವಿನಿಯನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಇಲ್ಲ.

ಆಮೇಲೆ ಕುಡಿಯಲು ಯಂಗೋನ ಬೇರಿನ ಪುಡಿ ಕಲಸಿದರು. ಅಡಿಗೆಮನೆಯಲ್ಲಿ ಅವಳು ಗೆಡ್ಡೆ ಹೆಚ್ಚುತ್ತಿದ್ದಾಗ ಪೆನಿ ಬಂದು, "ಆಯ್ತಲ್ಲ ಮಾರಾಯ್ತಿ, ಇನ್ನಾದ್ರೂ ನಗು," ಎಂದ.

"ಭಾರ ಯಾರ ಮೇಲಿತ್ತು ಪೆನಿ?" ಎಂದಳು ಅವಳು. "ದೊಡ್ಡಪ್ಪನ ಮೇಲಿತ್ತಾ? ಇಳಿಯಿತು ಅಂತ ಅವರು ಹೇಗೆ ಹೇಳಿದ್ರು?"

ಆ ಮಾತು ಅಲ್ಲಿಗೇ ನಿಂತಿತು. ಪದ್ಧತಿಯಂತೆ ಅವಳು ಮತ್ತೆಂದೂ ಎತ್ತಲಿಲ್ಲ.

ಸುರುಜ್ಮತಿ ಸಿಸ್ಟರ್ ಅವಳನ್ನು ಆರೋಗ್ಯ ಕೇಂದ್ರದಲ್ಲಿ ಸಹಾಯಕಿಯಾಗಿ ಸೇರಿಸಿಕೊಂಡರು. ಗುಡಿಸುವುದರಿಂದ ಶುರುವಾಗಿ, ಮಂಗಳವಾರ ಬರುವ ಪಾದದ ರೋಗಿಗಳನ್ನೆಲ್ಲ ಅವಳಿಗೇ ಬಿಟ್ಟರು. ಕಬ್ಬು ಕಡಿಯುವವರು, ರಗ್ಬಿ ಆಡುವವರು, ಗದ್ದೆಯಲ್ಲಿ ನಿಲ್ಲುವವರು ಬರುತ್ತಿದ್ದರು. ಒಂದು ಮಂಗಳವಾರ ಅಕೋಸಿತಳೂ ಬಂದಳು. ನಾನು ಔಷಧಿಗೆಂದು ಕೂತಿದ್ದೆ. ಹೊಸ ಬೂಟಿದ್ದರೂ ಹುಣ್ಣು ಮರುಕಳಿಸಿತ್ತು. ನವೆ ನಿಂತ ಕೂಡಲೇ ಮುಲಾಮು ಬಿಟ್ಟಿದ್ದಳು.

"ಅತ್ತಿಗೆ, ನೋಡು, ನಿನ್ನ ಹಳೇ ಗೆಳೆಯ ವಾಪಸ್ ಬಂದಿದ್ದಾನೆ," ಎಂದು ಅಕೋಸಿತ ಕಾಲು ತೋರಿಸಿ ನಗಲು ನೋಡಿದಳು.

ತರಾಯ್ವಿನಿ ಬೆರಳುಗಳನ್ನು ಬಿಡಿಸಿ ನೋಡಿದಳು. ಕೈ ಎಂದಿನಷ್ಟೇ ಹಗುರವಾಗಿತ್ತು. "ಬೆಳಗ್ಗೆ ಸಾಯಂಕಾಲ ಹಚ್ಚಿ," ಎಂದಳು. "ನಾಲ್ಕು ವಾರ ಬಿಡಬೇಡಿ. ಮಗಳ ಒರಸು ನೀವು ಮುಟ್ಟಬೇಡಿ. ಒಂದು ತಿಂಗಳು ಬಿಟ್ಟು ಬನ್ನಿ."

ನಮ್ಮಲ್ಲಿ ಯಾರೂ ಅತ್ತಿಗೆಗೆ ನೀವು ಎನ್ನುವುದಿಲ್ಲ. ಅಕೋಸಿತ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಎದ್ದು ಹೋದಳು. ಮರುತಿಂಗಳು ಬಂದಳು, ಅದರ ಮರುತಿಂಗಳೂ ಬಂದಳು. ಹುಣ್ಣು ಪೂರ್ತಿ ವಾಸಿಯಾಯಿತು.

ನಾನು ಹೇಳಬೇಕಾದ್ದನ್ನು ಹೇಳಲು ಮೂರು ವರ್ಷ ತೆಗೆದುಕೊಂಡೆ. ಅವಳ ಮನೆಯ ಮೆಟ್ಟಿಲ ಮೇಲೆ ಕೂತು ಹೇಳಿದೆ: "ಅಕ್ಕಾ, ಅವತ್ತು ನಾನು ಕೈ ಎತ್ತಬೇಕಿತ್ತು."

"ಹೌದು," ಎಂದಳು. "ಎತ್ತಬೇಕಿತ್ತು."

ಬೇರೇನಾದರೂ ಹೇಳುತ್ತಾಳೆಂದು ಕಾದೆ. ಅವಳು ಒಳಗೆ ಹೋಗಿ ಎರಡು ತಟ್ಟೆ ಮರಗೆಣಸು ತಂದು ಒಂದನ್ನು ನನ್ನ ಮುಂದಿಟ್ಟಳು, ಇಬ್ಬರೂ ತಿಂದೆವು. ಈಗ ಅವಳಿಗೆ ಅರವತ್ತು ಸಮೀಪಿಸಿದೆ. ಪೆನಿ ತೀರಿಹೋದ ಮೇಲೆ ಆರೋಗ್ಯ ಕೇಂದ್ರದ ಹಿಂದಿನ ಎರಡು ಕೋಣೆಯ ಮನೆಯಲ್ಲಿದ್ದಾಳೆ. ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಬಾ ಎಂದು ಅವಳು ಇವತ್ತಿನವರೆಗೆ ಕರೆದಿಲ್ಲ. ಹೋದಾಗ ಬಾಗಿಲು ಹಾಕಿಯೂ ಇಲ್ಲ.